ಬುಗುರಿ ನಾರ್ಮಲ್ಲಾ?

ಆ ಮನೆಯಲ್ಲಿ 'ನಾರ್ಮಲ್' ಎಂಬ ಪದಕ್ಕೆ ಬಿಡುವೆಂಬುದೇ ಇರಲಿಲ್ಲ. ಮಗು ಸೀನಿದರೆ "ರೀ, ಇದು ನಾರ್ಮಲ್ಲಾ?" ಇಡೀ ದಿನ ಸೀನದಿದ್ದರೆ "ರೀ, ಇದೂ ನಾರ್ಮಲ್ಲಾ?" ಲೋಕದಲ್ಲಿ ಆ ಪದಕ್ಕೆ ಬೇರೆ ಎಷ್ಟೋ ನೆಮ್ಮದಿಯ ಉದ್ಯೋಗಗಳಿದ್ದವು. ಹೋಟೆಲಿನಲ್ಲಿ ತಣ್ಣಗೆ ಮಾಡದ ನೀರಿನ ಹೆಸರಾಗಿ ಹಾಯಾಗಿರಬಹುದಿತ್ತು. ಬಟ್ಟೆ ಒಗೆಯುವ ಮಷೀನಿನ ಮೇಲೆ, ನಾಜೂಕು ಬಟ್ಟೆಗೂ ಕಂಬಳಿಗೂ ನಡುವಿನ ಗುಂಡಿಯಲ್ಲಿ ಕಾಲು ಚಾಚಿ ಕೂರಬಹುದಿತ್ತು. ಪಾಪ, ಈ ತಾಯಿಯ ಬಾಯಿಗೆ ಸಿಕ್ಕಿಬಿಟ್ಟಿತ್ತು.

ಸದ್ಯದ ಕಂಟಕ ಮಗುವಿನ ಸವಾರಿಯದು. ಓರಗೆಯ ಮಕ್ಕಳೆಲ್ಲ ಅಂಬೆಗಾಲು ಮುಗಿಸಿ ಓಡುತ್ತಿದ್ದರೆ, ಬುಗುರಿ (ಮನೆಯವರೆಲ್ಲ ಕರೆಯುತ್ತಿದ್ದುದೇ ಹಾಗೆ) ಅಂಡಿನ ಮೇಲೆ ಕೂತು, ಒಂದು ಕಾಲನ್ನು ದೋಣಿಯ ಹುಟ್ಟಿನಂತೆ ಬೀಸುತ್ತ, ಅಡ್ಡಡ್ಡ ಜಾರಿಕೊಂಡೇ ಮೂರೂ ಕೋಣೆಗಳ ದಿಗ್ವಿಜಯ ಮಾಡಿಬರುತ್ತಿದ್ದಳು. ನಡೆಯುವ ಸುದ್ದಿಯೇ ಇಲ್ಲ. ಮೊದಲ ಹೆಜ್ಜೆಯನ್ನು ತಾನೇ, ತನ್ನ ಕಣ್ಣಾರೆ ನೋಡಬೇಕೆಂದು ತಾಯಿ ಸ್ನಾನಕ್ಕೆ ಹೋದರೂ ಬಾಗಿಲನ್ನು ಅರ್ಧ ತೆರೆದೇ ಇಡುತ್ತಿದ್ದಳು.

ಗಂಡ ಅಚ್ಚುಕೂಟವೊಂದರಲ್ಲಿ ನಿಘಂಟಿನ ಕರಡು ತಿದ್ದುವವನು. ಹೆಂಡತಿಗೆ ಸಮಾಧಾನ ಹೇಳುವ ಬದಲು ಅರ್ಥ ಹೇಳುವ ಚಟ ಅವನಿಗೆ.

"ಆ ಪದ ಎಲ್ಲಿಂದ ಬಂತು ಗೊತ್ತೇನೆ? ಲ್ಯಾಟಿನ್ನಲ್ಲಿ ಬಡಗಿಯ ಮೂಲೆಮಟ್ಟಕ್ಕೆ 'ನಾರ್ಮ' ಅಂತಿದ್ರು. ಮೂಲೆಗೆ ಸರಿಯಾಗಿ ಕೂತ ಹಲಗೆ ನಾರ್ಮಲ್ಲು. ಮನುಷ್ಯರಿಗೆ ಅದನ್ನ ಹಚ್ಚಿದ್ದು ತೀರಾ ಈಚೆಗೆ. ನಮ್ಮ ಬುಗುರಿ ಹಲಗೆ ಅಲ್ವಲ್ಲ, ಬಿಡು."

ಬಿಡುವವಳೇ? ಮರುದಿನವೇ ಅವನ ಹಳೆಯ ಜಾಮಿಟ್ರಿ ಪೆಟ್ಟಿಗೆಯಿಂದ ತ್ರಿಕೋನಪಟ್ಟಿ ತೆಗೆದು ಮಗುವಿನ ಬೆನ್ನಿಗೂ ನೆಲಕ್ಕೂ ಹಿಡಿದಳು. ಬುಗುರಿ ಅದನ್ನು ಕಸಿದುಕೊಂಡು ಚೀಪಿದಳು.

"ಅತ್ತೆ, ಬೆನ್ನು ಒಂಚೂರು ವಾಲಿದೆ!"

ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಬಾಗಿಲಿಗೆ ಹಿಡಿದು ನೋಡೇ."

ಹಿಡಿದಳು. ಬಾಗಿಲೂ ವಾಲಿತ್ತು. ಕಪಾಟೂ ವಾಲಿತ್ತು.

"ನೋಡ್ದಾ? ಇಷ್ಟು ವರ್ಷ ಯಾರ ತಲೆ ಮೇಲೂ ಬಿದ್ದಿಲ್ಲ. ನಿನ್ನ ಗಂಡನೂ ಹೀಗೇ ಅಂಡಲ್ಲೇ ಊರು ಸುತ್ತಿದೋನು."

"ಅವರು ನಾರ್ಮಲ್ಲಾಗಿ ಬೆಳೆದ್ರಾ ಅತ್ತೆ?"

ಅತ್ತೆ ಈ ಪ್ರಶ್ನೆಗೆ ಸ್ವಲ್ಪ ಹೆಚ್ಚೇ ಹೊತ್ತು ಯೋಚಿಸಿದರು. ಅಲ್ಲಿಗೆ ಮಕ್ಕಳ ಡಾಕ್ಟರ ಬಳಿ ಹೋಗುವುದು ಖಾತ್ರಿಯಾಯಿತು.

ಡಾಕ್ಟರು ತಾಳ್ಮೆಯ ಹೆಂಗಸು. ಬುಗುರಿಯ ಮಂಡಿ, ಸೊಂಟ, ಪಾದ ಎಲ್ಲ ಮುಟ್ಟಿ ನೋಡಿ, "ಎಲ್ಲಾ ಸರಿಯಾಗೇ ಇದೆಯಲ್ಲಮ್ಮ. ಎಲ್ಲಿ, ಹೇಗೆ ಜಾರ್ತಾಳೆ ನೋಡೋಣ," ಎಂದು ಅವಳನ್ನು ನೆಲದ ಮೇಲೆ ಬಿಟ್ಟರು.

ಬುಗುರಿ ಅಲುಗಲಿಲ್ಲ. ಮನೆಯಲ್ಲಿ ಒಂದು ಗಳಿಗೆ ಕೂತ ಕಡೆ ಕೂರದವಳು ಇಲ್ಲಿ ಕಲ್ಲಿನ ವಿಗ್ರಹವಾದಳು. ತಾಯಿ ಚಪ್ಪಾಳೆ ತಟ್ಟಿದಳು, ಗಿಲಕಿ ಆಡಿಸಿದಳು, ಬೀಗದ ಕೈ ಗೊಂಚಲು ತೋರಿಸಿದಳು. ಉಹೂಂ.

"ಮನೇಲಿ ಜಾರ್ತಾಳೆ ಡಾಕ್ಟ್ರೇ, ಸತ್ಯವಾಗ್ಲೂ! ಬಲಗಾಲು ಮಡಚ್ಕೊಂಡು, ಎಡಗಾಲಲ್ಲಿ ಹೀಗೆ..."

"ಹೇಗೆ?"

ಮಾತಿನಲ್ಲಿ ಹೇಳಿದರೆ ಡಾಕ್ಟರಿಗೆ ತಪ್ಪು ಕಲ್ಪನೆ ಬಂದು ತಪ್ಪು ಔಷಧಿ ಬರೆದಾರು ಎನ್ನಿಸಿತು. ಕೈಚೀಲವನ್ನು ಅತ್ತೆಯ ಮಡಿಲಿಗೆ ಹಾಕಿ, ನೆಲದ ಮೇಲೆ ಕೂತು, ಒಂದು ಕಾಲು ಮಡಚಿ ಇನ್ನೊಂದು ಕಾಲು ಬೀಸುತ್ತ, ಆ ತಾಯಿ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಜಾರತೊಡಗಿದಳು. ಮಗುವಿನಷ್ಟು ವೇಗ ಬರಲಿಲ್ಲ, ಆದರೆ ನಿಖರತೆಯಲ್ಲಿ ಕೊರತೆಯಿರಲಿಲ್ಲ.

"ತಿರುವಲ್ಲಿ ಹೀಗೆ ಕೈ ಊರ್ತಾಳೆ, ನೋಡಿ. ಇದು ನಾರ್ಮಲ್ಲಾ ಡಾಕ್ಟ್ರೇ?" ಎಂದು ಗೋಡೆಯ ಮೇಲಿನ ಹಲ್ಲಿನ ಚಿತ್ರಪಟವನ್ನು ಕೇಳಿದಳು. ಮುಖ ಆಗ ಆ ಕಡೆಗಿತ್ತು.

ಹಿಂದಿನಿಂದ "ಅಯ್ಯೋ, ಅಯ್ಯೋ, ನೋಡೇ!" ಎಂದು ಅತ್ತೆ ಕೂಗಿದರು. ಡಾಕ್ಟರು ಜೋರಾಗಿ ನಕ್ಕರು. ಬಾಗಿಲ ಬಳಿ ಯಾರೋ ಚಪ್ಪಾಳೆ ತಟ್ಟಿದರು.

ನೋಡಬೇಕೆಂದರೆ ಮೊದಲು ತಿರುಗಬೇಕು. ಅಂಡಿನ ಮೇಲೆ ತಿರುಗುವುದು ಅಷ್ಟು ಸುಲಭವಲ್ಲ. ಅವಳು ತಿರುಗುವಷ್ಟರಲ್ಲಿ ಬುಗುರಿ ಕೋಣೆ ದಾಟಿ ಡಾಕ್ಟರ ಮಂಡಿ ತಬ್ಬಿಕೊಂಡು ನಿಂತಿದ್ದಳು.

"ನಡೆದೇ ಬಿಟ್ಲು ಕಣೇ! ನೀನು ಜಾರೋದನ್ನ ನೋಡ್ದೋಳೇ ಎದ್ದು ನಿಂತು, ಟಕಟಕ ಅಂತ ನಡೆದುಬಿಟ್ಲು!"

ಡಾಕ್ಟರು ನೋಡಿದ್ದರು, ಅತ್ತೆ ನೋಡಿದ್ದರು, ಸರದಿಗಾಗಿ ಹೊರಗೆ ಕೂತಿದ್ದ ಗುರುತು ಪರಿಚಯವಿಲ್ಲದವರೂ ನೋಡಿದ್ದರು.

"ಇನ್ನೊಂದ್ಸಲ, ಬಂಗಾರೀ," ತಾಯಿ ನೆಲದಿಂದಲೇ ಕೈ ಚಾಚಿದಳು. "ಅಮ್ಮನ ಹತ್ರ ಬಾ."

ಬುಗುರಿ ಮಂಡಿ ಬಿಡಲಿಲ್ಲ.

"ಮಗು ನಡೆದದ್ದಾಯ್ತು," ಎಂದರು ಅತ್ತೆ, ಕಣ್ಣೊರೆಸಿಕೊಂಡು ನಗುತ್ತ. "ಇನ್ನು ನೀನೂ ಎದ್ದು ನಡಿಯಮ್ಮ."

ಏಳಲು ಹೋದಳು. ಮಡಚಿದ ಕಾಲಿಗೆ ಜೋಮು ಹಿಡಿದಿತ್ತು. ಬೇರೆ ದಾರಿಯಿಲ್ಲದೆ ಒಂದು ಕಾಲು ಬೀಸುತ್ತ, ಬಂದ ದಾರಿಯಲ್ಲೇ ಮಗಳ ಕಡೆಗೆ ಜಾರಿಕೊಂಡು ಹೊರಟಳು. ಬುಗುರಿ ನಿಂತಲ್ಲೇ ನಿಂತು, ದೊಡ್ಡವರ ಗತ್ತಿನಲ್ಲಿ, ಅಮ್ಮನನ್ನು ಬಾ ಬಾ ಎಂದು ಕರೆಯತೊಡಗಿದಳು.