ಹಲ್ಲು ಕಿತ್ತ ಗುಳಿ

ಬೀಜ ಪರೀಕ್ಷಕನಿಗೆ ಹಲ್ಲು ಕೀಳಿಸಿಕೊಂಡದ್ದರಿಂದ ತೊಂದರೆಯಾಗಲಿಲ್ಲ. ಕಿತ್ತ ಗುಳಿಗೆ ಏನು ತುಂಬಿದಿರಿ ಎಂದು ಕೇಳಿದ್ದರಿಂದ ಆಯಿತು. ಕೆಲವರಿಗೆ ಸುಮ್ಮನಿರಲು ಬರುವುದೇ ಇಲ್ಲ.

"ಗಿಡದ ನಾರಿಂದ ಮಾಡಿದ ಪುಡಿ," ಎಂದರು ಹಲ್ಲಿನ ಡಾಕ್ಟ್ರಮ್ಮ, ಕೈಗವಸು ಕಳಚುತ್ತ. "ಬಳ್ಳಿ ಚಪ್ಪರ ಹಿಡ್ಕೊಂಡು ಬೆಳೆಯೋ ಹಾಗೆ ಮೂಳೆ ಇದನ್ನ ಹಿಡ್ಕೊಂಡು ಬೆಳೆಯುತ್ತೆ. ಆಮೇಲೆ ಹೊಸ ಹಲ್ಲು ಕೂರಿಸೋಣ. ಮೇಲೆ ಹೊಲಿಗೆ ಹಾಕಿದೀನಿ. ಉಗುಳಬೇಡಿ, ಗುಳಿ ಮುಟ್ಟಬೇಡಿ. ಕೆಡಿಸ್ಕೊಂಡ್ರೆ ನಿಮ್ಮ ಸೊಂಟದಿಂದ ಮೂಳೆ ಕೆತ್ತಿ ತಂದು ತುಂಬಬೇಕಾಗುತ್ತೆ, ನೋಡಿ."

ಸೂಜಿ ಕಂಡರೇ ಬೆವರುವ ಆಸಾಮಿ ಅವನು. ಕೂತಲ್ಲೇ ಸೊಂಟ ನೋಯತೊಡಗಿತು. ಬಾಯಿಗೆ ಬೀಗ ಹಾಕಿಕೊಂಡು ಕಚೇರಿಗೆ ಹೋದ.

ಅವನ ಕೋಣೆಗೆ ಕಿಟಕಿಯಿಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು, ಅವುಗಳೊಳಗೆ ತಟ್ಟೆಗಳು, ತಟ್ಟೆಗಳಲ್ಲಿ ಒದ್ದೆ ಕಾಗದದ ಮೇಲೆ ಸಾಲಾಗಿ ಮಲಗಿಸಿದ ಕಾಳು. ಕಿವಿಗೊಟ್ಟರೆ ಸಣ್ಣಗೆ ಚಿಟಿಚಿಟಿ ಸದ್ದು, ಸಿಪ್ಪೆ ಬಿರಿಯುವುದು. ಇಪ್ಪತ್ತು ವರ್ಷ ಕೇಳಿದ ಆ ಸದ್ದಿಗೆ ಇವತ್ತು ಅವನ ಮೈ ಜುಮ್ಮೆಂದಿತು. ಕಾಳು ಮೊಳೆಯಲು ಅವನ ಕಪಾಟು ಕೊಡುವುದು ಮೂರೇ: ಕತ್ತಲು, ತೇವ, ಬಿಸುಪು. ಆ ಮೂರೂ ಅವನ ಬಾಯಲ್ಲೂ ಇದ್ದವು.

ಮೇಜಿನ ಮೇಲೆ ಹಳೇ ಗೋಧಿಯ ಚೀಲವೊಂದಿತ್ತು. ಎರಡು ಸಲ ಪರೀಕ್ಷಿಸಿದರೂ ಒಂದು ಕಾಳೂ ಮೊಳೆತಿರಲಿಲ್ಲ. ಸಹಿ ಹಾಕುವ ಮೊದಲು ಒಂದು ಕಾಳನ್ನು ಹಲ್ಲಿಗಿಟ್ಟು ಒಣಗಿದೆಯೇ ಎಂದು ನೋಡುವುದು ಅವನ ರೂಢಿ. ಇಟ್ಟಮೇಲೆ ಡಾಕ್ಟ್ರಮ್ಮನ ಮಾತು ನೆನಪಾಯಿತು. ಉಗುಳುವಂತಿಲ್ಲ. ನುಂಗಲು ನೋಡಿದ. ಅರ್ಧ ಬಾಯಿ ಇನ್ನೂ ಮರಗಟ್ಟಿತ್ತು, ಕಾಳು ಎತ್ತ ಹೋಯಿತೋ ತಿಳಿಯಲಿಲ್ಲ. "ಸತ್ತ ಬೀಜ" ಎಂದು ಬರೆದು ಸಹಿ ಹಾಕಿದ.

ಊಟದ ಹೊತ್ತಿಗೆ ಮದ್ದಿನ ಜೋಮು ಇಳಿಯಿತು. ಗುಳಿಯಲ್ಲಿ ಏನೋ ಚುಚ್ಚಿತು. ನಾಲಿಗೆಯ ತುದಿಯಿಂದ ಮುಟ್ಟಿದ. ಅದು ಅಲುಗಿತು.

"ಯಾಕ್ರೀ, ದೆವ್ವ ಕಂಡೋರ ಹಾಗಿದೀರಿ?" ಎಂದ ಹೆಡ್ ಗುಮಾಸ್ತ. ಪರೀಕ್ಷಕ ತೊದಲುತ್ತ ಪುಡಿಯ ಕತೆ ಹೇಳಿದ.

"ಗಿಡದ್ದಾ? ಬೇರು ಬಿಡಲ್ವೇನ್ರೀ ಅದು?"

ಟೈಪಿಸ್ಟಮ್ಮ ಟಾರ್ಚ್ ತಂದಳು. ಇಬ್ಬರೂ ತಲೆಗೆ ತಲೆ ತಾಗಿಸಿ ಅವನ ಬಾಯೊಳಗೆ ಇಣುಕಿದರು. ಪರೀಕ್ಷಕನ ಜೀವ ಬಾಯಿಗೆ ಬಂತು.

"ಹಸಿರಾಗಿದೆ," ಎಂದಳು ಟೈಪಿಸ್ಟಮ್ಮ ಪಿಸುದನಿಯಲ್ಲಿ. "ಎರಡೆಳೆ ಇದೆ, ಅಯ್ಯಯ್ಯೋ."

"ನಮ್ಮ ಚಿಕ್ಕಪ್ಪನ ಮೂಗಲ್ಲಿ ಕಡಲೆ ಮೊಳೆತಿತ್ತು," ಎಂದ ಗುಮಾಸ್ತ. "ಬೇರು ಮಿದುಳು ಮುಟ್ಟೋಕೆ ಎರಡೇ ಬೆರಳು ಬಾಕಿ ಇತ್ತಂತೆ. ಈಗಲೇ ಕಿತ್ತುಬಿಡಿ."

"ಸೊಂಟ, ನನ್ನ ಸೊಂಟ..."

"ಸೊಂಟ ಮುಖ್ಯಾನೋ ಮಿದುಳು ಮುಖ್ಯಾನೋ?"

ಪರೀಕ್ಷಕ ಕಣ್ಣು ಮುಚ್ಚಿ ಬಾಯಿ ತೆರೆದ. ಗುಮಾಸ್ತ ಕಾಳು ಹೆಕ್ಕುವ ಚಿಮುಟ ತಂದು ಎಳೆದ. ಹಸಿರು ಎಳೆ ಬಂತು, ಇನ್ನೂ ಬಂತು, ಜೊತೆಗೆ ಒಂದಿಷ್ಟು ಪುಡಿಯೂ ಬಂತು.

"ಇದಕ್ಕೆ ಬೇರೇ ಇಲ್ಲವಲ್ರೀ," ಎಂದ ಗುಮಾಸ್ತ, ಅದನ್ನು ಬೆಳಕಿಗೆ ಹಿಡಿದು. "ಗಂಟು ಹಾಕಿದಾರೆ."

"ಹೊಲಿಗೆ ದಾರ ಕಣ್ರೀ ಅದು!" ಎಂದು, ಸಂಜೆ ಅವನು ಓಡಿ ಬಂದಾಗ, ಡಾಕ್ಟ್ರಮ್ಮ ಹಣೆ ಚಚ್ಚಿಕೊಂಡರು. "ನಿಮ್ಮ ಪುಣ್ಯ, ಅರ್ಧ ಪುಡಿ ಉಳಿದಿದೆ. ಅದರ ಮೇಲೇ ಇನ್ನಷ್ಟು ತುಂಬ್ತೀನಿ. ಗಾಬರಿ ಆಗಬಾರದು ಅಂತ ಈ ಸಲ ಬಿಳಿ ದಾರ ಹಾಕ್ತೀನಿ. ಬಿಳೀದು ಕಂಡ್ರೆ ಕೈ ಹಚ್ಚಬೇಡಿ. ಇನ್ನೊಂದು ಸಲ ಹೀಗಾದ್ರೆ ಸೊಂಟಾನೇ ಗತಿ. ವಾರ ಬಿಟ್ಟು ಬನ್ನಿ."

ಅವನು ಕೈ ಹಚ್ಚಲಿಲ್ಲ. ನಾಲ್ಕನೇ ದಿನ ಕನ್ನಡಿಯಲ್ಲಿ ಬಿಳಿ ತುದಿ ಕಂಡಿತು. ಆರನೇ ದಿನ ಅದು ನಾಲಿಗೆಗೆ ತಾಕುತ್ತಿತ್ತು. ಗುಮಾಸ್ತ ಟಾರ್ಚ್ ಹಿಡಿದು ಬಂದಾಗ "ದಾರ ರೀ, ದಾರ!" ಎಂದು ಗದರಿ ಕಳಿಸಿದ. ಒಂದೇ ಒಂದು ವಿಷಯ ಅವನನ್ನು ಕಾಡುತ್ತಿತ್ತು. ಮನೆಯಲ್ಲಿ ಸುಮ್ಮನೆ ಕೂತಾಗಲೂ ಆ ಚಿಟಿಚಿಟಿ ಸದ್ದು ಕೇಳುತ್ತಿತ್ತು. ಮನೆಯಲ್ಲಿ ಕಪಾಟುಗಳಿರಲಿಲ್ಲ.

ವಾರ ಕಳೆದು ಡಾಕ್ಟ್ರಮ್ಮ ದೀಪ ಬಗ್ಗಿಸಿ ನೋಡಿದರು. ಹೊಲಿಗೆ ಎಣಿಸಿದರು, ಮತ್ತೆ ಎಣಿಸಿದರು.

"ನಾನು ಹಾಕಿದ್ದು ಎರಡು ಹೊಲಿಗೆ," ಎಂದರು ಮೆಲ್ಲಗೆ. "ಎರಡೂ ನೆಟ್ಟಗಿವೆ. ಅವೆರಡರ ಮಧ್ಯೆ ಎದ್ದಿದೆಯಲ್ಲ, ಈ ಮೂರನೇದು ಏನ್ರೀ?"

ಅವನು ಕನ್ನಡಿ ಇಸಿದುಕೊಂಡ. ಅರ್ಧ ಬೆರಳುದ್ದ, ಬೆಳ್ಳಗೆ, ನೇರವಾಗಿ ನಿಂತಿತ್ತು. ಬುಡದಲ್ಲಿ ಬಿರಿದ ಗೋಧಿ ಸಿಪ್ಪೆ. ಕತ್ತಲಲ್ಲಿ ಮೊಳೆತದ್ದು ಬೆಳ್ಳಗೇ ಇರುತ್ತದೆ, ಹಸಿರಾಗಲು ಬೆಳಕು ಬೇಕು. ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಮೊದಲ ದಿನ ಈ ಪಾಠ ಹೇಳುತ್ತಿದ್ದವನು ಅವನೇ.

"ಒಳ್ಳೇ ಮೊಳಕೆ," ಎಂದುಬಿಟ್ಟ, ಇಪ್ಪತ್ತು ವರ್ಷದ ಅಭ್ಯಾಸದ ದನಿಯಲ್ಲಿ. "ಪಾಸು."

ಡಾಕ್ಟ್ರಮ್ಮ ನಗಲಿಲ್ಲ. ತಟ್ಟೆಯಿಂದ ಎಲ್ಲಕ್ಕಿಂತ ಉದ್ದದ ಸೂಜಿ ಎತ್ತಿಕೊಂಡರು.

"ಮಗ್ಗುಲಾಗಿ ಮಲಗಿ," ಎಂದರು. "ಸೊಂಟ ನೋಡೋಣ."