ಸೋಪು ಮುಟ್ಟಿ ನೋಡುವ ಮಾವ

ನನ್ನ ಸೋದರಮಾವನ ಜೊತೆ ಎಲ್ಲಿಗೆ ಬೇಕಾದರೂ ಹೋಗಿ, ಆಸ್ಪತ್ರೆಗೆ ಮಾತ್ರ ಹೋಗಬೇಡಿ! ರೋಗಿಗಿಂತ ಮೊದಲು ನಿಮ್ಮ ಎದೆ ನಿಂತೀತು.

ತಲೆ ನರೆಯುವ ತನಕ ಡೊಂಬಿವಲಿಯ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದವರು. ಅಡುಗೆಮನೆಗೆ ಕಾಲಿಟ್ಟ ಕೂಡಲೇ ಬೇಸಿನ್ನಿನ ಸೋಪು ಮುಟ್ಟಿ ನೋಡುವುದು ಅವರ ಪದ್ಧತಿ. ಒದ್ದೆಯಿದ್ದರೆ ಭಟ್ಟರು ಕೈ ತೊಳೆದಿದ್ದಾರೆ. ಒಣಗಿದ್ದರೆ ಭಟ್ಟರ ಗ್ರಹಚಾರ ಕೆಟ್ಟಿತು! ಕೆಲಸ ಬಿಟ್ಟರೂ ಚಾಳಿ ಬಿಡಬೇಕಲ್ಲ? ನನಗೆ ಹೆಣ್ಣು ನೋಡಲು ಸಾನಪಾಡಾಕ್ಕೆ ಹೋದಾಗ, ಕಾಫಿ ಬರುವ ಮೊದಲೇ ಅವರ ಅಡುಗೆಮನೆಗೆ ನುಗ್ಗಿ ಬಂದು, "ಸೋಪು ಒದ್ದೆ ಉಂಟು. ಸಂಬಂಧ ಆಗ್ಬಹುದು!" ಎಂದು ಎಲ್ಲರೆದುರೇ ಸಾರಿದರು. ಆ ಹುಡುಗಿ ಈಗ ನನ್ನ ಹೆಂಡತಿ.

ಅಂಥವರನ್ನು ಕಟ್ಟಿಕೊಂಡು ಅಮ್ಮನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಪಿತ್ತಕೋಶದಲ್ಲಿ ಕಲ್ಲು, ಮೇಲೆ ಜ್ವರ. ತಡಮಾಡದೆ ಆಪರೇಷನ್ ಮಾಡಿಸಿ ಎಂದಿದ್ದರು ನಮ್ಮ ಡಾಕ್ಟರು. ಡೊಂಬಿವಲಿಯಿಂದ ಅಷ್ಟು ದೂರದ ಮಾಜಿವಾಡಾದ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಮೃತಶಿಲೆಯ ನೆಲ, ಒಳಗೇ ಕಾರಂಜಿ! ಮಾವ ವಾರ್ಡಿಗೊಂದು ಸುತ್ತು ಹಾಕಿ ಬಂದರು.

"ನಡಿ, ಇಲ್ಲಿ ಬೇಡ."

"ಯಾಕೆ? ಸೋಪಿಲ್ವಾ?"

"ಉಂಟು. ಒಣಗಿ ಕೂತಿದೆ! ಕಾರಂಜಿಗೆ ಸುರಿದದ್ರಲ್ಲಿ ಒಂದು ಪಾಲು ಕೈ ತೊಳೆಸ್ಲಿಕ್ಕೆ ಹಾಕಿದ್ರೆ ಎಷ್ಟು ಜನರ ಹೊಲಿಗೆ ಕೀವಾಗುದು ತಪ್ತಿತ್ತು! ಕಾರಂಜಿಯಿಂದ ಯಾರ ಜ್ವರ ಇಳಿದದ್ದುಂಟು ಮಾರಾಯ?"

ಲೆಕ್ಕ ಸರಿಯೇ. ಆದರೆ ಅಮ್ಮ ನೋವಿಗೆ ಸೆರಗು ಕಚ್ಚಿಕೊಂಡಿದ್ದಳು. ಬೈದೆ, ಗೋಗರೆದೆ. ಅಮ್ಮನೇ, "ಅಣ್ಣ ಹೇಳಿದಲ್ಲಿಗೇ ಹೋಗುವ" ಎಂದಳು. ಆ ಟ್ರಾಫಿಕ್ಕಿನಲ್ಲಿ ಡೊಂಬಿವಲಿಗೆ ವಾಪಸ್ಸು! ದಾರಿಯುದ್ದಕ್ಕೂ ಅಮ್ಮನ ಉಸಿರನ್ನೇ ನೋಡುತ್ತಿದ್ದೆ.

ಎಂಐಡಿಸಿ ಕಾರ್ಖಾನೆಗಳ ಹತ್ತಿರದ ಸಣ್ಣ ಆಸ್ಪತ್ರೆ. ಗೋಡೆಯ ಸುಣ್ಣ ಉದುರುತ್ತಿತ್ತು. ಸೋಪು ಮಾತ್ರ ಕೈಯಿಂದ ಜಾರುವಷ್ಟು ಒದ್ದೆ! ಮಾವ ಒಪ್ಪಿದರು. ಆದರೂ ಆಪರೇಷನ್ನಿಗೆ ಹೊರಟ ಡಾಕ್ಟರನ್ನೇ ತಡೆದು, "ಸಾಹೇಬ್, ಹಾಥ್ ಧೋಯಾ ಕ್ಯಾ?" ಎಂದು ಕೈ ತೊಳೆದ ಲೆಕ್ಕ ಕೇಳುವುದೇ! "ಕಾಕಾ, ಬಾಹೇರ್ ಬಸಾ!" ಎಂದು ನರ್ಸ್ ಗದರಿ ಹೊರಗಿನ ಬೆಂಚು ತೋರಿಸಿದಳು.

ಬಾಗಿಲು ಮುಚ್ಚಿದ ಮೇಲೆ ಮಾವ ನನ್ನ ಮೊಣಕೈ ಹಿಡಿದುಕೊಂಡರು.

"ಆರಿಸಿದ್ದು ನಾನು. ಅವಳಿಗೇನಾದ್ರೂ ಆದ್ರೆ ನಾ ಹೇಗೆ ಬದುಕುದು ಮಾರಾಯ?"

ನನಗೂ ಅದೇ ಭಯ.

ಕೊನೆಗೆ ಡಾಕ್ಟರು ಹೊರಬಂದು, ಎಲ್ಲ ಸುಸೂತ್ರವಾಗಿ ಮುಗಿಯಿತು ಎಂದರು. ಮಾವ ಏಳಲು ನೋಡಿ ಮತ್ತೆ ಕುಸಿದು ಕುಳಿತರು. "ನೀನು ಹೋಗು. ನನ್ನ ಕಾಲು ನಿಲ್ಲುದಿಲ್ಲ."

ಅಮ್ಮ ಕಣ್ಣು ಬಿಟ್ಟವಳೇ ನನ್ನ ಬೆನ್ನ ಹಿಂದೆ ಹುಡುಕಿದಳು. "ಅಣ್ಣ ಎಲ್ಲಿ? ಏನಾದ್ರೂ ತಿಂದನಾ? ಸಣ್ಣದರಿಂದ್ಲೂ ಅವನಿಗೆ ಹೆದರಿಕೆ ಜಾಸ್ತಿ."

ಹೊರಗೆ ಬಂದು ಅದನ್ನೇ ಹೇಳಿದೆ. ಮಾವ ಇಡೀ ಆಸ್ಪತ್ರೆಗೆ ಕೇಳುವಂತೆ ಅತ್ತುಬಿಟ್ಟರು.