ಬರಿಗೈಯಲ್ಲಿ ಬಂದ ಥಾಮಪ್ಪನ ಮನೆಯವರು

ಇನ್ನೊಬ್ಬರ ದನಿಯಲ್ಲಿ ಮಾತಾಡುವ ಚಟ ಬೀಡಿಗಿಂತ ಕೆಟ್ಟದ್ದು. ಬೀಡಿ ಬಿಟ್ಟವರನ್ನಾದರೂ ನಾನು ನೋಡಿದ್ದೇನೆ. ನನಗಂತೂ ಎದುರಿಗೆ ಸಿಕ್ಕವರ ಕೆಮ್ಮು, ಸೀನು, ಮಾತಿನ ಎಳೆತ ಎಲ್ಲವೂ ಕೇಳದೆಯೇ ಬಾಯಿಗೆ ಬಂದು ಕೂರುತ್ತವೆ. ಬಿಟಿಎಂ ಲೇಔಟಿನ ನಮ್ಮ ಮನೆ ಓನರ್ ದನಿಯಲ್ಲಿ "ನೀರ್ ಬಿಟ್ಟಿದೀನಿ, ಹಿಡ್ಕೊಳ್ರೀ" ಎಂದು ಕೂಗಿ ಮೂರು ಮನೆಯವರನ್ನು ಬಿಂದಿಗೆ ಸಮೇತ ಓಡಿಸಿದವನು ನಾನು. ಇದೇ ಓನರ್, ನಾವು ಕ್ರೈಸ್ತರು, ಲೂಥರನ್ ಸಭೆಯವರು ಎಂದು ಅಪ್ಪ ಹೇಳಿದಾಗ, "ಅದು ಯಾವ ಕಡೆ ಬರತ್ತೆ ಸಾರ್, ಹೊಸಕೆರೆಹಳ್ಳಿ ದಾಟಿ ಹೋಗ್ಬೇಕಾ?" ಎಂದು ಕೇಳಿದ್ದರು. ನಗುವ ಹಾಗಿಲ್ಲ. ಕೋಲಾರದ ಕಡೆಯಿಂದ ತೊಂಬತ್ತರ ದಶಕದಲ್ಲಿ ಬಂದು ಆ ಸಭೆಗೆ ಸೇರಿದ ನಮಗೂ ಅದರ ಚರಿತ್ರೆ ಗೊತ್ತಿರಲಿಲ್ಲ. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಇದ್ದದ್ದು ಮೊದಲ ದಿನದಿಂದಲೂ ಸಭೆಯಲ್ಲಿದ್ದ ದೇವಪ್ರಿಯ ಮೇಷ್ಟ್ರ ಗಂಟಲಿನಲ್ಲಿ.

ಸಭೆ ಶುರುವಾದದ್ದು ಜಯನಗರದ ಒಂದು ಮನೆಯ ಕಾರ್ ಶೆಡ್ಡಿನಲ್ಲಂತೆ. ಮೊದಲ ದಿನ ಬಂದ ಹನ್ನೊಂದು ಮನೆಯವರು ಮನೆಗೊಂದು ಸಾಮಾನು ಹೊತ್ತು ತಂದರಂತೆ. ಹೀಗಾಗಿ ಪ್ರತಿವರ್ಷ ವಾರ್ಷಿಕೋತ್ಸವದ ಭಾನುವಾರ ಮೇಷ್ಟ್ರು ಬೋಧನಾಪೀಠದ ಪಕ್ಕ ನಿಂತು, ಒಮ್ಮೆ ಕೆಮ್ಮಿ, ಕನ್ನಡಕ ತೆಗೆದು, ಆ ಮನೆಗಳನ್ನು ಕರೆಯುತ್ತಿದ್ದರು. "ಚಾಪೆ ತಂದ ಯೇಸುದಾಸನ ಮನೆಯವರು!" ಆ ಮನೆಯ ಮಕ್ಕಳು ಮೊಮ್ಮಕ್ಕಳು ಎದ್ದು ನಿಲ್ಲುತ್ತಿದ್ದರು. "ಲಾಂದ್ರ ತಂದ ರತ್ನಮ್ಮನ ಮನೆಯವರು!" ಆ ಮನೆಯಲ್ಲಿ ಉಳಿದಿದ್ದವರು ರತ್ನಮ್ಮಜ್ಜಿ ಒಬ್ಬರೇ. ಈ ಒಂದು ಕರೆಗೋಸ್ಕರ ಸಿದ್ದಾಪುರದಿಂದ ಆಟೋ ಮಾಡಿಕೊಂಡು ಬಂದು, ಕೋಲೂರಿ ಎದ್ದು, ಇಡೀ ಮನೆತನದ ಪರವಾಗಿ ನಿಲ್ಲುತ್ತಿದ್ದರು. ನಾವು ಮಾತ್ರ ಹಿಂದಿನ ಬೆಂಚಿನಲ್ಲಿ ಕೂತೇ ಇರುತ್ತಿದ್ದೆವು. ಕರೆದರೆ ತಾನೇ ಏಳುವುದು! ಅಮ್ಮ ಆ ಹೊತ್ತಿನಲ್ಲಿ ಸೆರಗಿನ ಅಂಚು ಸರಿಮಾಡುತ್ತಿದ್ದಳು, ಸರಿಯಾಗಿಯೇ ಇದ್ದರೂ.

ನನ್ನ ಕೈಲಾದದ್ದು ಅಣಕ. ಆರಾಧನೆ ಮುಗಿದ ಮೇಲೆ ಸ್ಕೂಟರ್ ಸ್ಟ್ಯಾಂಡಿನಲ್ಲಿ ಕೆಮ್ಮಿನಿಂದ ಹಿಡಿದು ಅಷ್ಟೂ ಹೆಸರುಗಳನ್ನು ಮೇಷ್ಟ್ರ ದನಿಯಲ್ಲೇ ಕರೆಯುತ್ತಿದ್ದೆ. ಗೆಳೆಯರು "ಇನ್ನೊಂದ್ಸಲ ಗುರು!" ಎನ್ನುತ್ತಿದ್ದರು. ನಗು ಸಾಲದೆಂದು ಕೊನೆಗೆ ನಾನೇ ಹುಟ್ಟಿಸಿದ ಒಂದು ಮನೆಯನ್ನೂ ಸೇರಿಸಿದ್ದೆ: "ಏನೂ ತರದೆ ಬಂದು ಎರಡು ವಡೆ ತಿಂದು ಹೋದ ಥಾಮಪ್ಪನ ಮನೆಯವರು!"

ಒಂದು ವರ್ಷ ಮೇಷ್ಟ್ರಿಗೆ ಗಂಟಲಿನ ಆಪರೇಷನ್ ಆಗಿ ದನಿ ಹೋಯಿತು. ಕೊರಳಲ್ಲಿ ಸ್ಲೇಟು ಬಂತು. ವಾರ್ಷಿಕೋತ್ಸವಕ್ಕೆ ಒಂದು ವಾರ ಇರುವಾಗ ಚರ್ಚಿನ ಅಂಗಳದಲ್ಲಿ ಪಾಸ್ಟರ್ ಕಾಗದ ಪೆನ್ನು ಚಾಚಿ, "ಹೆಸರು ಬರ್ಕೊಡಿ ಮೇಷ್ಟ್ರೇ, ನಾನೇ ಓದ್ಬಿಡ್ತೀನಿ" ಎಂದರು. ಮೇಷ್ಟ್ರು ಸ್ಲೇಟಿನಲ್ಲಿ ಬರೆದರು: "ಇದು ಓದೋದಲ್ಲ, ಕರೆಯೋದು. ಅವನಿಗೆ ಬರುತ್ತೆ." ಬಳಪದ ತುದಿ ಅಲ್ಲೇ ನಿಂತಿದ್ದ ನನ್ನ ಕಡೆ ಇತ್ತು.

"ಅಂಕಲ್, ನಂಗೆಲ್ಲಿ ಬರತ್ತೆ?" ಎಂದೆ. ಮೇಷ್ಟ್ರು ಸ್ಕೂಟರ್ ಸ್ಟ್ಯಾಂಡಿನ ದಿಕ್ಕಿಗೆ ಬಳಪ ತಿರುಗಿಸಿದರು. ನನ್ನ ಕಿವಿ ಬಿಸಿಯಾಯಿತು. ಮೇಷ್ಟ್ರನ್ನು ನೋಡಲೆಂದು ಬಂದಿದ್ದ ರತ್ನಮ್ಮಜ್ಜಿ ಪಕ್ಕದಲ್ಲೇ ಇದ್ದರು. "ಕರೆಯಪ್ಪ. ಮುಂದಿನ್ ವರ್ಷ ನಾನಿರ್ತೀನೋ ಇಲ್ವೋ. ಈ ಸಲ ಕೂತ್ಕೊಂಡೇ ಇರ್ಬೇಕಾದ್ರೆ ಆಟೋ ಯಾಕ್ ಮಾಡ್ಲಿ?" ಎಂದರು.

ಭಾನುವಾರ ನಾನು ನಿಂತೆ. ಕೆಮ್ಮಿದೆ. ಕನ್ನಡಕವಿಲ್ಲದಿದ್ದರೂ ತೆಗೆದೆ. "ಚಾಪೆ ತಂದ ಯೇಸುದಾಸನ ಮನೆಯವರು!" ಮೇಷ್ಟ್ರ ದನಿ ಗೋಡೆಗೆ ಬಡಿದು ತಿರುಗಿ ಬಂತು. ಯಾರೂ ನಗಲಿಲ್ಲ. ನನ್ನ ಜನ್ಮದಲ್ಲೇ ಮೊದಲ ಸಲ, ನಗದವರನ್ನು ನೋಡಿ ನನ್ನ ಮೈ ಜುಮ್ಮೆಂದಿತು. ಯೇಸುದಾಸನ ಮೊಮ್ಮಗಳು ಎದ್ದಳು. ರತ್ನಮ್ಮಜ್ಜಿ ಎದ್ದರು, ಕೋಲನ್ನು ಬೆಂಚಿಗೆ ಒರಗಿಸಿ. ಒಂದೊಂದೇ ಹೆಸರಿಗೆ ಸತ್ತವರೆಲ್ಲ ಬದುಕಿರುವವರ ಕಾಲಿನ ಮೇಲೆ ನಿಲ್ಲುತ್ತಿದ್ದರು. ಎಷ್ಟು ಸಲ ಅಣಕಿಸಿದ್ದೆ, ಇದೊಂದು ಕಂಡಿರಲಿಲ್ಲ.

ಆದರೆ ಅಣಕಕ್ಕೊಂದು ಶಾಪವಿದೆ. ನಡುವೆ ನಿಂತು ಯೋಚಿಸಿದರೆ ದನಿ ಒಡೆಯುತ್ತದೆ. ಹಾಗಾಗಿ ಹನ್ನೊಂದು ಮುಗಿದರೂ ಬಾಯಿ ನಿಲ್ಲಲಿಲ್ಲ. "ಏನೂ ತರದೆ ಬಂದ..." ಎಂದುಬಿಟ್ಟೆ. ವಡೆಗಳನ್ನು ಹೇಗೋ ನುಂಗಿದೆ. ಥಾಮಪ್ಪ ಹೊರಗೆ ಬಂದೇಬಿಟ್ಟ. "...ಥಾಮಪ್ಪನ ಮನೆಯವರು!"

ಯಾರೂ ಏಳಲಿಲ್ಲ. ಪಾಸ್ಟರ್ ಹುಬ್ಬು ಮೇಲೇರಿತು. ಬೋಧನಾಪೀಠದೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವ ವ್ಯವಸ್ಥೆ ಇದೆಯೇ ಎಂದು ನಾನು ನೋಡುತ್ತಿದ್ದೆ. ಆಗ ಮುಂದಿನ ಸಾಲಿನಲ್ಲಿ ಬೆಂಚು ಕಿರ್ರೆಂದಿತು. ದೇವಪ್ರಿಯ ಮೇಷ್ಟ್ರು ಎದ್ದು ನಿಂತಿದ್ದರು.

ಆಮೇಲೆ ಅಂಗಳದಲ್ಲಿ ಕ್ಷಮೆ ಕೇಳಲು ಹೋದೆ. ಸ್ಲೇಟಿನಲ್ಲಿ ನಿಧಾನವಾಗಿ ಬರೆದರು: "ಮೊದಲ ದಿನ ಒಬ್ಬ ಬರಿಗೈಯಲ್ಲಿ ಬಂದಿದ್ದ. ಹಿಂದೆ ಕೂತು ಹೋದ. ಹೆಸರು ಕೇಳಲಿಲ್ಲ. ಇಷ್ಟು ವರ್ಷ ಅವನನ್ನು ಬಿಟ್ಟೇ ಕರೆದೆ." ನಾನು ಓದಿ ಮುಗಿಸುವಷ್ಟರಲ್ಲಿ ಒರೆಸಿ, ಇನ್ನೊಂದು ಸಾಲು ಬರೆದರು: "ವಡೆ ಯಾಕೆ ಬಿಟ್ಟೆ?"

ಮರುವರ್ಷವೂ ನಾನೇ ಕರೆದೆ. ಮೇಷ್ಟ್ರ ಅಪ್ಪಣೆಯಂತೆ ಹನ್ನೆರಡನೆಯ ಮನೆಯನ್ನೂ ಕರೆದೆ. ಅಮ್ಮ ಎದ್ದಳು. ಅಪ್ಪನನ್ನು ಮೊಣಕೈಯಿಂದ ತಿವಿದು ಎಬ್ಬಿಸಿದಳು. ಅವರ ಹಿಂದೆ ಬನಶಂಕರಿಯ ಬಾಡಿಗೆ ಮನೆಯವರು, ಹೋದ ತಿಂಗಳಷ್ಟೇ ಸೇರಿದವರು, ಹೀಗೆ ಹಿಂದಿನ ಅರ್ಧ ಚರ್ಚು ಎದ್ದು ನಿಂತಿತು. ಬರಿಗೈಯವನ ವಂಶ ಅಷ್ಟು ದೊಡ್ಡದಿತ್ತು.

ಆದರೆ ಮೇಷ್ಟ್ರು ಆ ಹೆಸರನ್ನು ಎಂದೂ ಕರೆದವರಲ್ಲ, ಹೀಗಾಗಿ ಈ ಸಲ ಅದೊಂದನ್ನು ನನ್ನ ಸ್ವಂತ ದನಿಯಲ್ಲೇ ಕರೆದಿದ್ದೆ. ಮನೆಗೆ ಬರುತ್ತಾ ಬಸ್ಸಿನಲ್ಲಿ ಅಮ್ಮ ಮೆಲ್ಲಗೆ ಹೇಳಿದಳು: "ಎಲ್ಲಾ ಚೆನ್ನಾಗ್ ಬಂತು ಕಣೋ. ಕೊನೇದೊಂದ್ ಸರಿಹೋಗ್ಲಿಲ್ಲ. ಅದ್ಯಾರ ದನಿನೋ, ಕೀರಲು ಕೀರಲಾಗಿ?"